ಒಲೆ ಆರಿಸಿ, ಆಮೇಲೆ ಚೀಸ್ ಹಾಕಿ

ಮನೆಯಲ್ಲಿ ಮಾಡಿದ ಮ್ಯಾಕರೋನಿ ಚೀಸ್ ಕೆಡುವುದು ಹೆಚ್ಚಾಗಿ ಒಂದೇ ರೀತಿ. ಪಾತ್ರೆಯ ಅಂಚಿನಲ್ಲಿ ಎಣ್ಣೆ ಮಿನುಗುತ್ತದೆ. ಸಾಸ್ ಮರಳು ಮರಳಾಗುತ್ತದೆ. ಚಮಚ ಎತ್ತಿದರೆ ರಬ್ಬರಿನಂಥ ಉಂಡೆಯೊಂದು ಜೋತಾಡುತ್ತದೆ. ಆಗ ನಮಗೆ ತಟ್ಟನೆ ಹೊಳೆಯುವ ಉಪಾಯಗಳು ಎರಡು: ಇನ್ನಷ್ಟು ಚೀಸ್ ತುರಿದು ಹಾಕುವುದು, ಉರಿ ಜೋರು ಮಾಡುವುದು. ಎರಡರಿಂದಲೂ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಚೀಸ್ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಅದು ಹೇಗೆ ಕರಗಿತು ಎನ್ನುವುದೇ ಈ ತಿನಿಸಿನ ಜೀವಾಳ.

ತಿನಿಸು ಹಳೆಯದು. 1769ರಲ್ಲಿ ಮ್ಯಾಂಚೆಸ್ಟರ್‌ನ ಎಲಿಜಬೆತ್ ರಾಫಲ್ಡ್ ತಮ್ಮ ಅಡುಗೆ ಪುಸ್ತಕದಲ್ಲಿ ಇದರ ವಿಧಾನ ಬರೆದಿದ್ದರು. ಬೇಯಿಸಿ ಬಸಿದ ಮ್ಯಾಕರೋನಿಗೆ ಕೆನೆ, ಹಿಟ್ಟಿನಲ್ಲಿ ಹೊರಳಿಸಿದ ಬೆಣ್ಣೆ, ಮೇಲೆ ಬಿಸಿಗೆ ಕಾಯಿಸಿದ ಪಾರ್ಮೆಸಾನ್. ಬೇಗ ಆರಿಹೋಗುತ್ತದೆ, ಬಿಸಿನೀರಿನ ತಟ್ಟೆಯ ಮೇಲಿಟ್ಟು ಬಡಿಸಿ ಎಂಬ ಕಿವಿಮಾತೂ ಅದರಲ್ಲಿತ್ತು. ಅಮೆರಿಕದಲ್ಲಿ ಈ ಕಥೆ ಹೇಳುವಾಗ ಜೇಮ್ಸ್ ಹೆಮಿಂಗ್ಸ್ ಹೆಸರು ಬಾರದೆ ಇರುವುದಿಲ್ಲ. ಥಾಮಸ್ ಜೆಫರ್ಸನ್ ಮನೆಯಲ್ಲಿ ಗುಲಾಮರಾಗಿದ್ದ ಅವರು 1784ರಲ್ಲಿ ಒಡೆಯನ ಜೊತೆ ಪ್ಯಾರಿಸ್‌ಗೆ ಹೋಗಿ ಫ್ರೆಂಚ್ ಅಡುಗೆ ಕಲಿತರು. ಬಿಡುಗಡೆ ಸಿಕ್ಕಿದ್ದು 1796ರಲ್ಲಿ. ಅದೂ ತಮ್ಮನಿಗೆ ಆ ಅಡುಗೆಯನ್ನೆಲ್ಲ ಕಲಿಸಿಕೊಟ್ಟ ಮೇಲೆ. ಇಂದಿಗೂ ಆಫ್ರಿಕನ್ ಅಮೆರಿಕನ್ ಮನೆಗಳ ಹಬ್ಬದೂಟದಲ್ಲಿ ಓವನ್‌ನಲ್ಲಿ ಬೇಯಿಸಿದ ಮ್ಯಾಕರೋನಿ ಚೀಸ್‌ಗೆ ಗೌರವದ ಸ್ಥಾನವಿದೆ. ಅದನ್ನು ಯಾರು ಮಾಡಬೇಕು ಎನ್ನುವುದೇ ಮನೆಮಂದಿಯ ನಡುವೆ ದೊಡ್ಡ ಚರ್ಚೆ.

ಚೀಸ್ ಯಾಕೆ ಒಡೆಯುತ್ತದೆ? ಹಾಲಿನ ಕೇಸಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ನೆರವಿನಿಂದ ಬಲೆಯಂತೆ ಹೆಣೆದುಕೊಂಡು, ಕೊಬ್ಬನ್ನೂ ನೀರನ್ನೂ ಒಳಗೆ ಹಿಡಿದಿಟ್ಟುಕೊಂಡಿರುತ್ತದೆ. ಹದವಾದ ಬಿಸಿಗೆ ಅದು ಸಡಿಲಗೊಂಡು ಕರಗುತ್ತದೆ. ಬಿಸಿ ಮಿತಿಮೀರಿದರೆ ಬಿಗಿದುಕೊಂಡು ಕೊಬ್ಬನ್ನು ಹೊರಗೆ ಹಿಂಡಿಬಿಡುತ್ತದೆ. ಹಾಗಾಗಿ ಕುದಿಯುವ ಸಾಸ್‌ಗೆ ಚೀಸ್ ಹಾಕುವುದೇ ಎಡವಟ್ಟು. ಚೀಸ್ ಹಳೆಯದಾದಷ್ಟೂ ರುಚಿ ಗಾಢ, ಆದರೆ ಒಡೆಯುವ ಭಯವೂ ಹೆಚ್ಚು.

ಇದನ್ನು ತಡೆಯಲು ಅಡುಗೆಯವರು ಕಂಡುಕೊಂಡ ದಾರಿ ಎರಡು. ಒಂದು, ಬೆಣ್ಣೆಯಲ್ಲಿ ಹುರಿದ ಮೈದಾ. ಅದರ ಪಿಷ್ಟ ಸಾಸ್ ಅನ್ನು ಮಂದವಾಗಿಸಿ, ಪ್ರೋಟೀನ್ ಗಂಟುಕಟ್ಟದಂತೆ, ಕೊಬ್ಬು ಬೇರೆಯಾಗದಂತೆ ಕಾಯುತ್ತದೆ. ಇನ್ನೊಂದು, ಸೋಡಿಯಂ ಸಿಟ್ರೇಟ್‌ನಂಥ ಲವಣ. ಅದು ಕ್ಯಾಲ್ಸಿಯಂ ಅನ್ನು ತನ್ನತ್ತ ಸೆಳೆದು ಬಲೆಯನ್ನು ಸಡಿಲಿಸುತ್ತದೆ. ಕೊಬ್ಬು ಮತ್ತು ನೀರು ಜಗಳವಾಡದೆ ಬೆರೆತಿರುತ್ತವೆ. 1911ರಲ್ಲಿ ಸ್ವಿಟ್ಜರ್‌ಲೆಂಡ್‌ನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಮ್ಮೆಂಟಲ್ ಚೀಸ್‌ಗೆ ಸಿಟ್ರೇಟ್ ಬೆರೆಸಿ, ಬಹುಕಾಲ ಕೆಡದ ಸಂಸ್ಕರಿತ ಚೀಸ್ ತಯಾರಿಸಿದರು. 1916ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ತಮ್ಮ ಸಂಸ್ಕರಣಾ ವಿಧಾನಕ್ಕೆ ಪೇಟೆಂಟ್ ಪಡೆದರು. ಆರ್ಥಿಕ ಕುಸಿತದ ದಿನಗಳಲ್ಲಿ, 1937ರಲ್ಲಿ, ಕ್ರಾಫ್ಟ್ ಕಂಪನಿಯ ಮ್ಯಾಕರೋನಿ ಪೆಟ್ಟಿಗೆ ಮಾರುಕಟ್ಟೆಗೆ ಬಂತು. 19 ಸೆಂಟ್‌ಗೆ ನಾಲ್ಕು ಜನರ ಊಟ. ಅಮೆರಿಕದ ಮಕ್ಕಳ ನಾಲಿಗೆಗೆ ಈ ರುಚಿ ಅಂಟಿಕೊಂಡದ್ದರಲ್ಲಿ ಆ ಪೆಟ್ಟಿಗೆಯ ಪಾಲು ದೊಡ್ಡದು.

ನಮ್ಮ ಅಂಗಡಿಗಳಲ್ಲಿ ಸಿಗುವ ಕ್ಯೂಬ್, ಸ್ಲೈಸ್‌ಗಳಲ್ಲಿ ಬಹುಪಾಲು ಸಂಸ್ಕರಿತ ಚೀಸ್. ಪೊಟ್ಟಣದ ಹಿಂದೆ ಎಮಲ್ಸಿಫೈಯರ್ ಎಂದು ಬರೆದು ಪಕ್ಕದಲ್ಲಿ 331 ಅಥವಾ 339 ಎಂದಿದ್ದರೆ ಅವೇ ಈ ಲವಣಗಳು. ಇವು ಸಲೀಸಾಗಿ ಕರಗುತ್ತವೆ, ರುಚಿ ಮಾತ್ರ ಸಪ್ಪೆ. ಚೆಡ್ಡಾರ್‌ನ ಪಾಲು ಮೂರು, ಸಂಸ್ಕರಿತ ಚೀಸ್‌ನ ಪಾಲು ಒಂದು ಎಂದು ಬೆರೆಸಿದರೆ ರುಚಿಯೂ ಉಂಟು, ನುಣುಪೂ ಉಂಟು. ಮೊದಲೇ ತುರಿದಿಟ್ಟ ಚೀಸ್‌ಗೆ ಅಂಟಿಕೊಳ್ಳದಿರಲೆಂದು ಪಿಷ್ಟದ ಪುಡಿ ಸವರಿರುತ್ತಾರೆ. ಮನೆಯಲ್ಲೇ ತುರಿದುಕೊಳ್ಳುವುದು ವಾಸಿ. ಇನ್ನು ಇಟಲಿಯ ಅಸಲಿ ಪಾರ್ಮೆಸಾನ್‌ನಲ್ಲಿ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಕರುವಿನ ಜಠರದ ರೆನೆಟ್. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿಕೊಳ್ಳಬೇಕು.

ಇನ್ನು ಅಡುಗೆ. 250 ಗ್ರಾಂ ಮ್ಯಾಕರೋನಿಗೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, 600 ಮಿ.ಲೀ. ಹಾಲು, 200 ಗ್ರಾಂ ಚೀಸ್. ಮ್ಯಾಕರೋನಿಯನ್ನು ಉಪ್ಪು ಹಾಕಿದ ನೀರಿನಲ್ಲಿ ಪೊಟ್ಟಣ ಹೇಳುವುದಕ್ಕಿಂತ ಎರಡು ನಿಮಿಷ ಕಡಿಮೆ ಬೇಯಿಸಿ ಬಸಿಯಿರಿ. ಉಳಿದದ್ದು ಸಾಸ್‌ನಲ್ಲಿ ಬೇಯುತ್ತದೆ. ಬೆಣ್ಣೆ ಕರಗಿಸಿ, ಮೈದಾದ ಹಸಿ ವಾಸನೆ ಹೋಗುವವರೆಗೆ, ಕೆಂಪಾಗದಂತೆ ಸಣ್ಣ ಉರಿಯಲ್ಲಿ ಹುರಿಯಿರಿ. ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ, ರಾಗಿ ಅಂಬಲಿ ತಿರುವುವ ಹಾಗೆ ಕೈ ಬಿಡದೆ ತಿರುವಿ. ಐದು ನಿಮಿಷ ಸಣ್ಣಗೆ ಕುದಿಯಲಿ. ಚಮಚದ ಬೆನ್ನಿಗೆ ಸಾಸ್ ಅಂಟಿ, ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ಹಾಗೇ ಉಳಿದರೆ ಹದ ಬಂತು. ಅರ್ಧ ಚಮಚ ಸಾಸಿವೆ ಪುಡಿ, ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಸೇರಿಸಿ. ಸಾಸಿವೆಯ ಘಾಟು ಚೀಸ್‌ನ ರುಚಿಯನ್ನು ಎತ್ತಿ ಹಿಡಿಯುತ್ತದೆ.

ಈಗ ಒಲೆ ಆರಿಸಿ. ಒಂದೆರಡು ನಿಮಿಷ ಬಿಟ್ಟು ಚೀಸ್ ಅನ್ನು ಹಿಡಿ ಹಿಡಿಯಾಗಿ ಹಾಕಿ. ಮೊದಲ ಹಿಡಿ ಪೂರ್ತಿ ಕರಗಿದ ಮೇಲೆ ಎರಡನೆಯದು. ಉಪ್ಪು ನೋಡುವುದು ಕೊನೆಗೆ, ಚೀಸ್‌ನಲ್ಲೇ ಸಾಕಷ್ಟಿರುತ್ತದೆ. ಮ್ಯಾಕರೋನಿ ಬೆರೆಸಿದಾಗ ಸಾಸ್ ತುಸು ನೀರಾಯಿತೇನೋ ಅನ್ನಿಸಬೇಕು. ಅದು ಸಾಸ್ ಹೀರಿಕೊಳ್ಳುತ್ತದೆ, ತಟ್ಟೆಗೆ ಬರುವಷ್ಟರಲ್ಲಿ ಸರಿಹೋಗುತ್ತದೆ.

ಓವನ್ ಇದ್ದರೆ ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ ಉದುರಿಸಿ 200 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಇಡಿ. ಇಲ್ಲದಿದ್ದರೆ ಅದೇ ಪುಡಿಯನ್ನು ಕಾವಲಿಯ ಮೇಲೆ ಕೆಂಪಗೆ ಹುರಿದು ಬಡಿಸುವಾಗ ಉದುರಿಸಿದರಾಯಿತು, ಗರಿಗರಿಗೆ ಕೊರತೆಯಿಲ್ಲ. ಉಳಿದದ್ದು ಮರುದಿನ ಗಟ್ಟಿಯಾಗಿರುತ್ತದೆ. ಒಂದೆರಡು ಚಮಚ ಹಾಲು ಚಿಮುಕಿಸಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬಿಸಿ ಮಾಡಿ. ಆಗಲೂ ಕುದಿ ಬರಬಾರದು.