ಕೂಸು ಯಾರ ಕಂಕುಳಲ್ಲಿ?

ಜೂನ್ ತಿಂಗಳು. ಶಾಲೆಯ ಬಾಗಿಲು ತೆರೆಯುವ ಕಾಲ. ನಮ್ಮ ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಹಾಕೋ ಕಾಲವೂ ಅದೇ. ಬೆಳಗಾದರೆ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡ್ತಾರೆ.

ನಾನು ಶಾಲೆಯ ಟೀಚರು. ಒಂದು ದಿನ ಹಾಜರಿ ಕೂಗಿದೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮೂರು ದಿನದಿಂದ ಬಂದಿಲ್ಲ. ಸಂಜೆ ಅವಳ ಮನೆಗೆ ಹೋದೆ. ಜಗಲಿ ಮೇಲೆ ಕೂತಿದ್ದಳು. ಕಂಕುಳಲ್ಲಿ ಒಂದು ವರ್ಷದ ತಮ್ಮ.

"ಯಾಕಮ್ಮ ಶಾಲೆಗೆ ಬರಲಿಲ್ಲ?" ಅಂತ ಕೇಳಿದೆ.

"ಅವ್ವ ಗೆಡ್ಡೆ ಹಾಕಕ್ಕೆ ಹೋಗವ್ಳೆ ಮಿಸ್. ಇವನ್ನ ನೋಡ್ಕೊಳ್ಳೋರು ಯಾರು?"

ರಾತ್ರಿ ಅವಳ ತಾಯಿ ನಮ್ಮ ಸಾಕ್ಷರತಾ ಕೇಂದ್ರಕ್ಕೆ ಬಂದಳು. ಸ್ಲೇಟು ಹಿಡಿದು ಕೂತಳು. "ನಂಗೂ ಮಗಳನ್ನ ಓದಿಸೋ ಆಸೆ ಐತೆ. ಕೂಲಿ ಬಿಟ್ರೆ ಒಲೆ ಉರಿಯಲ್ಲ" ಅಂದಳು.

ತಾಯಿ ಹೇಳಿದ್ದೂ ನಿಜ. ಮಗಳು ಹೇಳಿದ್ದೂ ನಿಜ. ಹಾಗಾದರೆ ಕೂಸನ್ನು ಯಾರು ನೋಡಬೇಕು? ಬನ್ನಿ, ಅದನ್ನೇ ತಿಳಿಯೋಣ.

ಅಂಗಳದ ಶಾಲೆ

ಅಂಗನ ಅಂದರೆ ಅಂಗಳ. ಮನೆಯ ಮುಂದಿನ ಬಯಲು. ತಾರಾಬಾಯಿ ಮೋಡಕ್ ಎಂಬ ತಾಯಿ ಮಹಾರಾಷ್ಟ್ರದಲ್ಲಿ ಬಡ ಮಕ್ಕಳಿಗಾಗಿ ಕೆಲಸ ಮಾಡಿದರು. ಅವರ ಜೊತೆಗೆ ಅನುತಾಯಿ ವಾಘ್ ಇದ್ದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಬೇಕು ಅನ್ನೋದು ಅವರ ವಿಚಾರ.

ಆಮೇಲೆ 1975ರ ಅಕ್ಟೋಬರ್ 2ರಂದು, ಗಾಂಧೀಜಿ ಹುಟ್ಟಿದ ದಿನ, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿತು. ಮೊದಲು ದೇಶದಲ್ಲಿ 33 ಕಡೆ ಮಾತ್ರ ಇತ್ತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಶುರುವಾಯಿತು. ಇವತ್ತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಾ ತಾಲ್ಲೂಕಿನ ಹಳ್ಳಿಗಳಲ್ಲೂ ಅಂಗನವಾಡಿ ಇದೆ.

ಅಂಗನವಾಡಿಯಲ್ಲಿ ಏನೇನು ಸಿಗುತ್ತೆ?

"ಅಲ್ಲಿ ಉಪ್ಪಿಟ್ಟು ಕೊಡ್ತಾರೆ, ಅಷ್ಟೇ" ಅಂತ ಕೆಲವರು ಹೇಳ್ತಾರೆ. ಅಷ್ಟೇ ಅಲ್ಲ. ಆರು ಕೆಲಸ ಅಲ್ಲಿ ನಡೆಯಬೇಕು. ಬೆರಳು ಮಡಚಿ ಎಣಿಸಿ.

ಒಂದು, ಪೌಷ್ಟಿಕ ಆಹಾರ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲೇ ಬಿಸಿ ಊಟ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ.
ಎರಡು, ಆಟದ ಜೊತೆ ಪಾಠ. ಹಾಡು, ಕತೆ, ಬಣ್ಣ, ಎಣಿಕೆ.
ಮೂರು, ಚುಚ್ಚುಮದ್ದು.
ನಾಲ್ಕು, ಆರೋಗ್ಯ ತಪಾಸಣೆ.
ಐದು, ಕಾಯಿಲೆ ಜಾಸ್ತಿ ಇದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸೋದು.
ಆರು, ತಾಯಂದಿರಿಗೆ ಊಟ ಮತ್ತು ಆರೋಗ್ಯದ ತಿಳಿವಳಿಕೆ.

ಬಸುರಿ, ಬಾಣಂತಿಯರಿಗೂ ಇಲ್ಲಿ ಪಾಲಿದೆ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಒಂದು ಹೊತ್ತು ಬಿಸಿ ಊಟ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ತಳ ಕೆರೆದು ಉಣ್ಣುವವಳು ತಾಯಿ. ಅವಳೂ ಕೂತು ಹೊಟ್ಟೆ ತುಂಬಾ ಉಣ್ಣಲಿ ಅಂತ ಈ ಏರ್ಪಾಟು. ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾಯಿತು.

ಇದು ಯಾರೋ ಕೊಡುವ ಭಿಕ್ಷೆ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಇದು ಹಕ್ಕು ಅಂತ ಬರೆದಿದೆ.

ತಕ್ಕಡಿ ಹೇಳುವ ಮಾತು

ಗೆಡ್ಡೆ ಮಾರುವಾಗ ನಾವು ತಕ್ಕಡಿ ಕಡೆಗೇ ಕಣ್ಣಿಟ್ಟಿರುತ್ತೇವೆ. ಒಂದು ಕಿಲೋ ಹೆಚ್ಚುಕಮ್ಮಿ ಆದರೆ ಜಗಳಕ್ಕೆ ನಿಲ್ತೇವೆ. ಮಗುವಿನ ತೂಕವನ್ನೂ ಹಾಗೇ ನೋಡಬೇಡವೇ?

ಹುಟ್ಟಿದಾಗ ಕೂಸು ಎರಡೂವರೆ ಕಿಲೋಗೆ ಕಡಿಮೆ ಇರಬಾರದು. ಸುಮಾರು ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು ಆಗುತ್ತೆ. ಒಂದು ವರ್ಷಕ್ಕೆ ಮೂರರಷ್ಟು. ಅಂಗನವಾಡಿ ಕಾರ್ಯಕರ್ತೆ ತಿಂಗಳು ತಿಂಗಳು ತೂಕ ನೋಡ್ತಾರೆ. ತಾಯಿ ಕಾರ್ಡಿನಲ್ಲಿ ಗೆರೆ ಎಳೀತಾರೆ. ಗೆರೆ ಮೇಲಕ್ಕೆ ಹೋದರೆ ಮಗು ಚೆನ್ನಾಗಿದೆ. ಗೆರೆ ಮಲಗಿದರೆ ಅಥವಾ ಕೆಳಕ್ಕೆ ಇಳಿದರೆ ಎಚ್ಚರ. ಈಗ ನಿಮಗೆ ಅಂಕಿ ಓದಲು ಬರುತ್ತೆ. ಆ ಕಾರ್ಡನ್ನು ನೀವೇ ಓದಿ.

ತೋಳಿನ ಅಳತೆಯೂ ಉಂಟು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿಗೆ ಒಂದು ಪಟ್ಟಿ ಸುತ್ತುತ್ತಾರೆ. ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗೆ ಕಡಿಮೆ ಬಂದರೆ ಮಗು ತುಂಬಾ ಸೊರಗಿದೆ ಅಂತ ಅರ್ಥ. ಅಂಥ ಮಗುವನ್ನು ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸೊರಗಿದ ಮಕ್ಕಳನ್ನು ಇಟ್ಟುಕೊಂಡು ಆರೈಕೆ ಮಾಡಲು ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ತಾಯಿಯೂ ಮಗುವಿನ ಜೊತೆ ಇರಬಹುದು. "ದೃಷ್ಟಿ ತಗುಲಿದೆ" ಅಂತ ನೀವಾಳಿಸಿ ಸುಮ್ಮನಾಗಬೇಡಿ.

ಮೂರು ವರ್ಷದ ಒಳಗಿನ ಕೂಸಿಗೆ ಏನು ದಾರಿ?

ಈಗ ನಮ್ಮ ಹುಡುಗಿಯ ಕಂಕುಳಿಗೆ ಬರೋಣ. ಅವಳ ತಮ್ಮನಿಗೆ ಒಂದೇ ವರ್ಷ. ಅಂಗನವಾಡಿಯಲ್ಲಿ ದಿನವೆಲ್ಲಾ ಕೂರುವುದು ಮೂರು ವರ್ಷ ತುಂಬಿದ ಮಕ್ಕಳು. ಚಿಕ್ಕ ಕೂಸಿಗೆ ಆಹಾರದ ಪೊಟ್ಟಣ ಸಿಗುತ್ತೆ, ಚುಚ್ಚುಮದ್ದು ಸಿಗುತ್ತೆ. ದಿನವೆಲ್ಲಾ ಎತ್ತಿಕೊಳ್ಳುವ ಕೈ ಸಿಗೋದು ಕಷ್ಟ.

ಆಗ ತಾಯಿ ಏನು ಮಾಡ್ತಾಳೆ? ಕೂಸನ್ನು ಹೊಲಕ್ಕೇ ಒಯ್ತಾಳೆ. ಮರಕ್ಕೆ ಸೀರೆ ಕಟ್ಟಿ ಜೋಲಿ ಹಾಕ್ತಾಳೆ. ಹೊಳೆನರಸೀಪುರದ ಕಡೆ ನಾಲೆ ಉಂಟು. ಚನ್ನರಾಯಪಟ್ಟಣದ ಕಡೆ ತೋಟದ ಹೊಂಡ, ತೊಟ್ಟಿ ಉಂಟು. ಅಂಬೆಗಾಲಿನ ಕೂಸು ನೀರು ಕಂಡರೆ ಓಡುತ್ತೆ. ಅರಕಲಗೂಡಿನ ಕಡೆ ಹೊಗೆಸೊಪ್ಪು. ಹಸಿ ಸೊಪ್ಪಿನ ವಿಷ ಚರ್ಮದಿಂದಲೂ ಮೈಗೆ ಇಳಿಯುತ್ತೆ. ತಲೆ ಸುತ್ತುತ್ತೆ, ವಾಂತಿ ಬರುತ್ತೆ. ದೊಡ್ಡವರಿಗೇ ಹೀಗಾದರೆ ಕೂಸಿನ ಗತಿ ಏನು? ಸೊಪ್ಪು ಕಟ್ಟುವ ಜಾಗಕ್ಕೆ ಕೂಸನ್ನು ಒಯ್ಯಲೇಬಾರದು.

ಇದು ನಮ್ಮೂರಿನ ಕಷ್ಟ ಮಾತ್ರ ಅಲ್ಲ. 1969ರಲ್ಲಿ ದಿಲ್ಲಿಯಲ್ಲಿ ಗಾಂಧೀಜಿಯ ನೂರನೇ ವರ್ಷದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿತ್ತು. ಕೂಲಿಯವರ ಕೂಸುಗಳು ಬಿಸಿಲಲ್ಲಿ, ಧೂಳಲ್ಲಿ ಮಲಗಿದ್ದವು. ಮೀರಾ ಮಹಾದೇವನ್ ಎಂಬ ತಾಯಿ ಅದನ್ನು ನೋಡಿದರು. ಅಲ್ಲೇ ಒಂದು ಡೇರೆ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಶುರು ಮಾಡಿದರು. ಅದೇ ಮೊಬೈಲ್ ಕ್ರೆಷ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಕೆಲಸ ಎಲ್ಲಿಯೋ ಕೂಸಿನ ಮನೆ ಅಲ್ಲಿ, ಅನ್ನೋದು ಅದರ ದಾರಿ.

ನಮ್ಮ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 'ಕೂಸಿನ ಮನೆ' ಯೋಜನೆ ಘೋಷಿಸಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಇದು. 4000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದು ಗುರಿ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಇಡುವ ಏರ್ಪಾಟು. ಕೇಂದ್ರ ಸರ್ಕಾರ 2022ರಲ್ಲಿ 'ಪಾಲನಾ' ಯೋಜನೆ ತಂದಿತು. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅದು. ಕೆಲವು ಅಂಗನವಾಡಿಗಳಲ್ಲೇ ಶಿಶುಪಾಲನಾ ಕೇಂದ್ರ ಸೇರಿಸುವುದು ಅದರ ಒಂದು ದಾರಿ. ಗಾರ್ಮೆಂಟ್ಸ್‌ನಂಥ ಕಡೆ ಕೆಲಸಕ್ಕೆ ಹೋಗುವ ತಾಯಂದಿರೇ, ನೀವೂ ಕೇಳಿ. 50 ಜನ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದು 2017ರಲ್ಲೇ ಕಾನೂನು ಆಗಿದೆ.

ಒಳ್ಳೆಯ ಕೂಸಿನ ಮನೆ ಹೇಗಿರಬೇಕು?

ಕೂಸನ್ನು ಬಿಡುವ ಮೊದಲು ಒಂದು ದಿನ ಹೋಗಿ ನೋಡಿ. ನೋಡುವುದು ತಪ್ಪಲ್ಲ. ಜಾಗ ಚೊಕ್ಕಟವಾಗಿದೆಯೇ? ಕುಡಿಯುವ ನೀರು ಮುಚ್ಚಿಟ್ಟಿದ್ದಾರೆಯೇ? ಬಾವಿ, ಹೊಂಡ, ರಸ್ತೆ, ಒಲೆ ದೂರ ಇದೆಯೇ? ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸುತ್ತಾರೆಯೇ? ಮಲಗಲು ಜಾಗ ಇದೆಯೇ? ಅತ್ತ ಕೂಸನ್ನು ಎತ್ತಿಕೊಳ್ಳುತ್ತಾರೆಯೇ? ತಾಯಿ ನಡುವೆ ಬಂದು ಮೊಲೆಹಾಲು ಕೊಡಲು ಬಿಡುತ್ತಾರೆಯೇ?

ಕೂಸಿಗೆ ಮಾತು ಬೇಕು. ಅನ್ನದಷ್ಟೇ ಮಾತೂ ಬೇಕು. ಮಗುವಿನ ಮಿದುಳು ಬಹಳ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷದಲ್ಲಿ. "ಅದೋ ಕಾಗೆ, ಇದೋ ಹಸು" ಅಂತ ತೋರಿಸಿ ಆಡಿಸುವವರು ಬೇಕು. ಸುಮ್ಮನೆ ಕೂಡಿಹಾಕಿದರೆ ಅದು ಕೂಸಿನ ಮನೆ ಅಲ್ಲ, ದೊಡ್ಡಿ.

ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯೂ ನಮ್ಮಂತೆಯೇ ಹೆಂಗಸರು. ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ನೂರೆಂಟು ಲೆಕ್ಕ ಬರೆಯೋ ಕೆಲಸ ಬೇರೆ. ತಪ್ಪಿದ್ದರೆ ಕೇಳಿ. ಆದರೆ ಸೊಪ್ಪು, ನುಗ್ಗೆ, ಕಾಯಿ ಕೊಟ್ಟು ಕೈಯೂ ಜೋಡಿಸಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಉಂಟು. ತಾಯಂದಿರೇ ಅದರಲ್ಲಿ ಸೇರುತ್ತಾರೆ. ಸಭೆಗೆ ಹೋಗಿ, ಮಾತಾಡಿ.

ಕೇಳಿದರೆ ಉಂಟು

ನಿಮ್ಮ ಹಟ್ಟಿಗೆ, ಕಾಲೋನಿಗೆ ಅಂಗನವಾಡಿ ಇಲ್ಲವೇ? 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ ಹೇಳಿತು. ಕೇಳಿದರೆ ಅಂದಿದೆ ಕೋರ್ಟು. ಕೇಳಬೇಕಾದವರು ನಾವೇ.

ನಮ್ಮ ಕೇಂದ್ರದಲ್ಲಿ ಆ ರಾತ್ರಿ ಪಾಠದ ಪುಸ್ತಕ ಮುಚ್ಚಿಟ್ಟೆವು. ಆರು ಜನ ತಾಯಂದಿರು ಕೂತು ಪಂಚಾಯಿತಿಗೆ ಅರ್ಜಿ ಬರೆದರು. 'ನಮ್ಮೂರಿಗೆ ಕೂಸಿನ ಮನೆ ಬೇಕು' ಎಂಬ ಒಂದು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು. ಒತ್ತಕ್ಷರ ತಪ್ಪಿತು. ಅಳಿಸಿ ಬರೆದರು. ಕೊನೆಗೆ ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಆರೂ ಜನ ಸಹಿ ಹಾಕಿದರು.

ಅರ್ಜಿಗೆ ಉತ್ತರ ಇನ್ನೂ ಬರಬೇಕು. ಗ್ರಾಮಸಭೆಯಲ್ಲಿ ಮತ್ತೆ ಕೇಳ್ತೇವೆ. ಅಲ್ಲಿವರೆಗೆ ಆರು ಮನೆಯವರು ಸರದಿ ಮಾಡಿಕೊಂಡಿದ್ದಾರೆ. ದಿನಕ್ಕೊಬ್ಬರು ಮನೆಯಲ್ಲಿ ಉಳಿದು ಎಲ್ಲರ ಕೂಸನ್ನೂ ನೋಡ್ತಾರೆ. ವಾರಕ್ಕೆ ಒಂದು ದಿನದ ಕೂಲಿ ಹೋಗುತ್ತೆ. ಉಳಿದ ದಿನ ಧೈರ್ಯವಾಗಿ ಹೊಲಕ್ಕೆ ಹೋಗ್ತಾರೆ.

ಆ ಹುಡುಗಿ ಈಗ ಮತ್ತೆ ಶಾಲೆಗೆ ಬರ್ತಾಳೆ. ಹಾಜರಿ ಕೂಗಿದರೆ "ಬಂದಿದೀನಿ ಮಿಸ್" ಅಂತಾಳೆ. ಕಂಕುಳಲ್ಲಿ ಈಗ ಪುಸ್ತಕದ ಚೀಲ.

ನಿಮ್ಮೂರಲ್ಲಿ ಎಷ್ಟು ಕೂಸು ಅಕ್ಕಂದಿರ ಕಂಕುಳಲ್ಲಿವೆ? ನಾಳೆ ಎಣಿಸಿ ನೋಡಿ. ಲೆಕ್ಕ ಬರೆದಿಡಿ. ಆ ಲೆಕ್ಕ ಹಿಡಿದು ಗ್ರಾಮಸಭೆಗೆ ಹೋಗಿ.