ಇಂಗಾಲದ ಸೆರೆ: ಕೆಲವು ಇಂಗ್ಲಿಷ್ ಪದಗಳ ಒಳಗುಟ್ಟು

ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ವಿಜ್ಞಾನವನ್ನು ಕಲಿತು ಕಾಲೇಜನ್ನು ಸೇರುವ ವಿದ್ಯಾರ್ಥಿಗೆ ವಿಷಯಕ್ಕಿಂತ ಮೊದಲು ಎದುರಾಗುವ ತೊಡಕು ಪದಗಳದು. ಭೂಮಿ ಕಾವೇರುತ್ತಿರುವ ವಿಚಾರವನ್ನು ಓದಹೊರಟರಂತೂ ಪುಟಪುಟಕ್ಕೂ ಹೊಸ ಇಂಗ್ಲಿಷ್ ಪದಗಳು ಕಾಲಿಗೆ ತೊಡರುತ್ತವೆ. ಬಾಯಿಪಾಠ ಮಾಡಿದ ಪದವು ಪರೀಕ್ಷೆ ಮುಗಿಯುವವರೆಗೆ ಉಳಿದೀತು. ಆ ಪದವು ಸೂಚಿಸುವ ವಸ್ತುವನ್ನೂ ಕ್ರಿಯೆಯನ್ನೂ ಕಣ್ಣಮುಂದೆ ತಂದುಕೊಂಡರೆ ಅದು ನಮ್ಮದೇ ಆಗುತ್ತದೆ. ತುಮಕೂರಿಗೆ ಸಮೀಪದ ದೇವರಾಯನದುರ್ಗವನ್ನೇ ಪಾಠಶಾಲೆಯಾಗಿ ಮಾಡಿಕೊಂಡು ಇಂತಹ ಕೆಲವು ಪದಗಳನ್ನು ಪರಿಶೀಲಿಸೋಣ.

ಮೊದಲನೆಯ ಜೋಡಿ ವೆದರ್ ಮತ್ತು ಕ್ಲೈಮೇಟ್. ಈ ದಿನ ಬೆಟ್ಟದ ಮೇಲೆ ಮೋಡ ಕವಿದಿದೆ, ಸಂಜೆಗೆ ಮಳೆಯಾಗಬಹುದು ಎಂದರೆ ಅದು ವೆದರ್, ಅಂದರೆ ಹವಾಮಾನ. ಹಲವು ವರ್ಷಗಳ, ಸಾಮಾನ್ಯವಾಗಿ 30 ವರ್ಷಗಳ, ಅಂಕಿಗಳನ್ನು ಕೂಡಿ ತೆಗೆದ ಸರಾಸರಿ ಸ್ವರೂಪವೇ ಕ್ಲೈಮೇಟ್, ಅಂದರೆ ವಾಯುಗುಣ. ನಮ್ಮಲ್ಲಿ ಎರಡಕ್ಕೂ ‘ಹವಾಮಾನ’ವೆಂದೇ ಹೇಳುವ ರೂಢಿ ಬೆಳೆದಿರುವುದರಿಂದ, ಒಂದು ಚಳಿಗಾಲ ಹೆಚ್ಚು ತಣ್ಣಗಿದ್ದರೆ ಭೂಮಿ ಕಾವೇರುತ್ತಿದೆಯೆಂಬ ಮಾತೇ ಸುಳ್ಳೆಂದು ವಾದಿಸುವವರಿದ್ದಾರೆ. ಪದದ ಗೊಂದಲ ವಿಚಾರದ ಗೊಂದಲವಾಗುವುದು ಹೀಗೆ. ಕ್ಲೈಮೇಟ್ ಎಂಬುದರ ಮೂಲ ‘ಓರೆ’, ‘ಇಳಿಜಾರು’ ಎಂಬ ಅರ್ಥದ ಗ್ರೀಕ್ ಪದ. ಸೂರ್ಯಕಿರಣಗಳು ಎಷ್ಟು ಓರೆಯಾಗಿ ಬೀಳುತ್ತವೆಯೋ ಅದರಂತೆ ನಾಡಿನ ಶೀತೋಷ್ಣಗಳು ಬದಲಾಗುತ್ತವೆಂದು ಪ್ರಾಚೀನರು ಕಂಡುಕೊಂಡಿದ್ದರು.

ಕಾರ್ಬನ್ ಎಂಬುದು ಇದ್ದಿಲೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ನಮ್ಮ ‘ಇಂಗಾಲ’ವೂ ಕೆಂಡ, ಇದ್ದಿಲುಗಳನ್ನೇ ನೆನಪಿಗೆ ತರುತ್ತದೆ. 12 ಕಿಲೋಗ್ರಾಂ ಶುದ್ಧ ಇಂಗಾಲವನ್ನು ಪೂರ್ತಿಯಾಗಿ ಸುಟ್ಟರೆ ಅದು ಗಾಳಿಯ 32 ಕಿಲೋಗ್ರಾಂ ಆಮ್ಲಜನಕದೊಡನೆ ಕೂಡಿ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹೀಗೆ ಹೊರಬೀಳುವುದಕ್ಕೆ ಎಮಿಷನ್ ಎಂದು ಹೆಸರು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆಯನ್ನು ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದವಾಗಿದ್ದುವು. ಈಗ ಅವು 420ನ್ನು ಮೀರಿವೆ.

ಇನ್ನು ಸೋರ್ಸ್ ಮತ್ತು ಸಿಂಕ್. ಜಯಮಂಗಲಿ, ಶಿಂಷಾ ನದಿಗಳಿಗೆ ದೇವರಾಯನದುರ್ಗದ ಬೆಟ್ಟಗಳು ಸೋರ್ಸ್, ಅಂದರೆ ಉಗಮಸ್ಥಾನ. ಹರಿದುಬಂದ ನೀರು ತಂಗುವ ಕೆರೆಯನ್ನು ಸಿಂಕ್ ಎನ್ನಬಹುದು. ಇಂಗಾಲಕ್ಕೆ ಕಾರ್ಖಾನೆಯ ಚಿಮಣಿ ಸೋರ್ಸ್. ಬೆಳೆಯುತ್ತಿರುವ ಕಾಡು ಸಿಂಕ್. ಆದರೆ ಬೇಸಗೆಯಲ್ಲಿ ಆ ಕಾಡಿಗೆ ಬೆಂಕಿ ಬಿದ್ದರೆ, ಮರಗಳು ಹಲವು ವರ್ಷ ಕೂಡಿಟ್ಟ ಇಂಗಾಲವು ಕೆಲವೇ ದಿನಗಳಲ್ಲಿ ಗಾಳಿಗೆ ಮರಳುತ್ತದೆ. ಆಗ ಸಿಂಕ್ ಆಗಿದ್ದುದೇ ಸೋರ್ಸ್ ಆಗುತ್ತದೆ.

ಕ್ಯಾಪ್ಚರ್ ಎಂದರೆ ಸೆರೆಹಿಡಿಯುವುದು. ಇದರ ಮೊದಲ ಪಾಠವನ್ನು ವಾಚಕರು ಶಾಲೆಯಲ್ಲಿಯೇ ಕಲಿತಿದ್ದಾರೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರನ್ನು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ; ಉಸಿರಿನ ಡೈಆಕ್ಸೈಡ್ ಸುಣ್ಣದೊಡನೆ ಕೂಡಿ ಕರಗದ ಪುಡಿಯಾಗುವುದೇ ಇದಕ್ಕೆ ಕಾರಣ. ಸುಣ್ಣದ ಗೂಡಿನಲ್ಲಿ ನಡೆಯುವುದು ಇದರ ವಿಲೋಮ ಕ್ರಿಯೆ. 100 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿದು 44 ಕಿಲೋಗ್ರಾಂ ಅನಿಲ ಹಾರಿಹೋಗುತ್ತದೆ. ಸಿಮೆಂಟಿನ ತಯಾರಿಕೆಯಲ್ಲಿಯೂ ಸುಣ್ಣಕಲ್ಲನ್ನು ಸುಡಲೇಬೇಕು. ಆದುದರಿಂದ ಒಲೆಯ ಕಲ್ಲಿದ್ದಲಿಗೆ ಬದಲಾಗಿ ಬೇರೆ ಶಕ್ತಿಯನ್ನು ಬಳಸಿದರೂ ಆ ಉದ್ಯಮದ ಎಮಿಷನ್ ಪೂರ್ತಿ ನಿಲ್ಲದು. ಅಲ್ಲಿ ಕ್ಯಾಪ್ಚರ್ ಬೇಕೆನ್ನುವುದು ಈ ಕಾರಣದಿಂದಲೇ.

ಸೆರೆಹಿಡಿಯುವ ವಿಧಾನಗಳಲ್ಲಿ ಒಂದೇ ಅಕ್ಷರದಷ್ಟು ಭೇದವುಳ್ಳ ಎರಡು ಪದಗಳಿವೆ: ಅಬ್ಸಾರ್ಪ್ಷನ್ ಮತ್ತು ಅಡ್ಸಾರ್ಪ್ಷನ್. ಬಟ್ಟೆಯು ನೀರನ್ನು ತನ್ನೊಳಕ್ಕೆ ಹೀರಿಕೊಂಡಂತೆ ಆಗುವುದು ಮೊದಲನೆಯದು. ಒದ್ದೆಗೈಗೆ ರಾಗಿಹಿಟ್ಟು ಮೆತ್ತಿಕೊಂಡಂತೆ ಮೇಲ್ಮೈಗೆ ಮಾತ್ರ ಅಂಟುವುದು ಎರಡನೆಯದು. ಚಿಮಣಿಯ ಹೊಗೆಯನ್ನು ಅಮೀನ್ ಎಂಬ ರಾಸಾಯನಿಕದ ದ್ರಾವಣದೊಳಗೆ ಹಾಯಿಸಿದರೆ ಅದು ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಬಳಿಕ ದ್ರಾವಣವನ್ನು ಕಾಯಿಸಿದರೆ ಅನಿಲವು ಬಿಡುಗಡೆಯಾಗಿ, ದ್ರಾವಣವು ಮತ್ತೆ ಕೆಲಸಕ್ಕೆ ಬರುತ್ತದೆ. ಹೀಗೆ ಕಾಯಿಸಲು ಬೇಕಾದ ಶಾಖವೇ ಈ ವಿಧಾನದ ದೊಡ್ಡ ವೆಚ್ಚ. ಬಯಲಿನ ಗಾಳಿಯಿಂದಲೇ ಹಿಡಿಯುವುದು, ಅಂದರೆ ಡೈರೆಕ್ಟ್ ಏರ್ ಕ್ಯಾಪ್ಚರ್, ಇನ್ನೂ ಕಷ್ಟ. ಕಲ್ಲಿದ್ದಲ ಹೊಗೆಯಲ್ಲಿ ಸುಮಾರು ಎಂಟರಲ್ಲೊಂದು ಪಾಲು ಇರುವ ಅನಿಲವು ಬಯಲಿನಲ್ಲಿ ಎರಡು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಹಿಡಿದದ್ದನ್ನು ಇಡುವುದೆಲ್ಲಿ? ಸೀಕ್ವೆಸ್ಟ್ರೇಷನ್ ಎಂಬ ಪದ ಹುಟ್ಟಿದುದು ನ್ಯಾಯದ ಕಟ್ಟೆಯಲ್ಲಿ. ಇಬ್ಬರ ವ್ಯಾಜ್ಯದಲ್ಲಿರುವ ಸ್ವತ್ತನ್ನು ನಂಬಿಗಸ್ತನಾದ ಮೂರನೆಯವನ ವಶಕ್ಕೆ ಒಪ್ಪಿಸುವುದೇ ಅದರ ಮೂಲಾರ್ಥ. ಇಲ್ಲಿ ಆ ನಂಬಿಗಸ್ತನೆಂದರೆ ಭೂಗರ್ಭದ ಶಿಲೆ. ನಾರ್ವೆಯವರು ಸ್ಲೈಪ್ನರ್ ಎಂಬಲ್ಲಿ 1996ರಲ್ಲಿ ಸಮುದ್ರತಳದ ಕೆಳಗಿನ ಮರಳುಗಲ್ಲಿನ ಪದರಕ್ಕೆ ಅನಿಲವನ್ನು ತುಂಬಲಾರಂಭಿಸಿದರು. ಐಸ್‌ಲೆಂಡಿನಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಿದಾಗ ಅದರ ಬಹುಭಾಗವು ಎರಡೇ ವರ್ಷಗಳಲ್ಲಿ ಕಲ್ಲಾಯಿತೆಂದು 2016ರಲ್ಲಿ ಪ್ರಕಟವಾಯಿತು. ಇಡುವುದಕ್ಕೆ ಬದಲು ಬಳಸಿಕೊಳ್ಳುವುದು ಯುಟಿಲೈಸೇಷನ್. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಅನಿಲವನ್ನು ಮೆಥನಾಲ್ ಮೊದಲಾದ ವಸ್ತುಗಳಾಗಿ ಮಾರ್ಪಡಿಸುವ ಸಂಶೋಧನೆ ನಡೆದಿದೆ. ಆದರೆ ಆ ಮೆಥನಾಲನ್ನು ಉರಿಸಿದರೆ ಅನಿಲವು ಮತ್ತೆ ಗಾಳಿಗೆ ಸೇರುವುದೆಂಬುದನ್ನು ಮರೆಯಲಾಗದು.

ಮಿಟಿಗೇಷನ್ ಎಂದರೆ ಮೆದುಮಾಡುವುದು, ಕೇಡಿನ ಕಾರಣವನ್ನೇ ತಗ್ಗಿಸುವುದು. ಪಾವಗಡದ ಸೌರಶಕ್ತಿ ಕೇಂದ್ರವು ಇದಕ್ಕೆ ನಿದರ್ಶನ. ಅಡಾಪ್ಟೇಷನ್ ಎಂದರೆ ಬದಲಾದ ಸ್ಥಿತಿಗೆ ಹೊಂದಿಕೊಳ್ಳುವುದು. ಮಳೆ ಕಡಿಮೆಯಾದೆಡೆ ಹೆಚ್ಚು ನೀರನ್ನು ಬೇಡುವ ಪೈರನ್ನು ಬಿಟ್ಟು ರಾಗಿಯನ್ನು ಬಿತ್ತುವುದು, ಕೆರೆಯ ಹೂಳೆತ್ತುವುದು ಇದಕ್ಕೆ ಸೇರುತ್ತವೆ. ನೆಟ್ ಝೀರೋ ಎಂಬಲ್ಲಿ ನೆಟ್ ಎಂದರೆ ಲೆಕ್ಕದ ಪುಸ್ತಕದ ‘ನಿವ್ವಳ’. ಹೊರಬಿಟ್ಟದ್ದೂ ಹಿಂತೆಗೆದದ್ದೂ ಸಮವಾಗಬೇಕೆಂದು ಅದರ ತಾತ್ಪರ್ಯ. 2070ರ ವೇಳೆಗೆ ಇದನ್ನು ಸಾಧಿಸುವೆನೆಂದು ಭಾರತವು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಸಾರಿತು.

ಆ ವರ್ಷ ಬಂದಾಗ ಇಂದಿನ ವಿದ್ಯಾರ್ಥಿಗಳು ಅರುವತ್ತರ ಆಸುಪಾಸಿನಲ್ಲಿರುತ್ತಾರೆ; ಲೆಕ್ಕ ಒಪ್ಪಿಸಬೇಕಾದವರೂ ಕೇಳಬೇಕಾದವರೂ ಅವರೇ. ಆದುದರಿಂದ ಯಾರಾದರೂ ‘ಇಂಗಾಲವನ್ನು ಸೆರೆಹಿಡಿದೆವು’ ಎಂದಾಗ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು: ಎಲ್ಲಿಂದ ಹಿಡಿದರು? ಹಿಡಿಯಲು ಎಷ್ಟು ಶಕ್ತಿಯನ್ನು ವ್ಯಯಿಸಿದರು? ಹಿಡಿದದ್ದು ಎಷ್ಟು ಕಾಲ ಸೆರೆಯಲ್ಲಿರುತ್ತದೆ? ಪದಗಳ ಅರ್ಥವನ್ನು ಬಲ್ಲವನು ಈ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಬೇಕಾದರೂ ಕೇಳಬಲ್ಲನು.