ಪುಟ್ಟ ನಾಯಿಯ ಉಸಿರೆಣಿಕೆ

ನಡುರಾತ್ರಿಯಲ್ಲಿ, ಮನೆಯೆಲ್ಲ ನಿಶ್ಶಬ್ದವಾಗಿರುವಾಗ, ಕಾಲಬಳಿ ಮಲಗಿದ್ದ ಪುಟ್ಟ ಪೊಮೆರೇನಿಯನ್ ನಾಯಿಯು ಹಠಾತ್ತನೆ ಎದ್ದು, ಕತ್ತು ಚಾಚಿ, ಬಾತುಕೋಳಿ ಕೂಗಿದಂತೆ ಕೆಮ್ಮತೊಡಗಿತೆಂದರೆ, ಸಾಕಿದವರ ಎದೆಯೂ ಅದರೊಡನೆಯೇ ಬಿಗಿಯುವುದು.

ಕಾರಣವು ಒಂದೇ ಅಲ್ಲ: ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಸಡಿಲಗೊಂಡು ನಾಳವು ಕುಸಿಯುತ್ತಿರಬಹುದು, ವಯಸ್ಸಾದ ನಾಯಿಯಾದರೆ, ಹೃದಯದ ಕವಾಟವು ಶಿಥಿಲವಾಗಿರಲೂಬಹುದು.

ಆದುದರಿಂದ, ಊಹೆಯಲ್ಲಿ ಬೇಯುವುದಕ್ಕೆ ಬದಲಾಗಿ, ಅದು ಗಾಢನಿದ್ರೆಯಲ್ಲಿರುವಾಗ ಪಕ್ಕೆಯ ಏರಿಳಿತವನ್ನು 30 ಸೆಕೆಂಡು ಎಣಿಸಿ, ಇಮ್ಮಡಿಸಿ, ಬರೆದಿಡಿರಿ. ನಿಮಿಷಕ್ಕೆ 30ನ್ನು ಪದೇಪದೇ ಮೀರಿದರೆ ಪಶುವೈದ್ಯರನ್ನು ಕಾಣಿರಿ. ಕೆಮ್ಮಿನ ವಿಡಿಯೋ ತೋರಿಸಿರಿ. ಕೊರಳಪಟ್ಟಿಯನ್ನು ಬಿಟ್ಟು ಎದೆಪಟ್ಟಿಯನ್ನು ತೊಡಿಸಿರಿ.

ಮಾತು ಬಾರದ ಆ ಜೀವದ ಪರವಾಗಿ ವೈದ್ಯರೆದುರು ನುಡಿಯುವುದು ನಿಮ್ಮ ಎಣಿಕೆಯೇ. ಒಸಡು ನೀಲಿಗಟ್ಟಿತೋ, ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಹೊರಡತಕ್ಕದ್ದು.